ಕಪ್ಪು ಪರದೆಯಿಂದ ಎತ್ತಿ ಇಳಿಸಿದವರು

ಅವರ ಹಣೆಯ ಮೇಲಿದ್ದಂಥದೇ ಒಂದು ಮರೂನ್ ಬಣ್ಣದ ಸ್ಟಿಕರ್ ಬಿಂದಿ ಅವರ ಕೀಬೋರ್ಡಿನ ಮೇಲೂ ಇತ್ತು. ಎಡಗಡೆಯ ಕೆಳಮೂಲೆಯಲ್ಲಿ, ಕಂಟ್ರೋಲ್ ಕೀಲಿಯ ನಟ್ಟನಡುವೆ. ದಿಲ್ಲಿಯ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಕೊಂಡ ಬಿಂದಿಯ ಹಾಳೆಯಿಂದ ಒಂದು ಹಣೆಗೆ, ಒಂದು ಕೀಲಿಗೆ. ಬೆರಳು ತಾಗಿ ತಾಗಿ ಕೀಲಿಯ ಬಿಂದಿ ಆಗಾಗ ಉದುರಿ ಹೋಗುತ್ತಿತ್ತು. ಸೋಮವಾರ ಬೆಳಿಗ್ಗೆ ಬಂದವರೇ ಹೊಸದನ್ನು ಅಂಟಿಸಿ, "ಹೂಂ, ಮುತ್ತೈದೆ ಆಯ್ತು" ಎಂದು ಕೆಲಸ ಶುರು ಮಾಡುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಒಂದು ಜೂನ್ ತಿಂಗಳಲ್ಲಿ. ಹೊರಗೆ ಮುಖ ಸುಡುವಂಥ ಲೂ ಗಾಳಿ ಬೀಸುತ್ತಿತ್ತು. ಜನಕಪುರಿಯಿಂದ ಎರಡು ಬಸ್ಸು ಬದಲಿಸಿ, ದುಪಟ್ಟಾವನ್ನು ತಲೆಗೆ ಸುತ್ತಿಕೊಂಡು ಆಫೀಸು ತಲುಪಿದ್ದೆ. ನನ್ನ ಹೊಸ ಜಾಗ ಬೇಸ್‌ಮೆಂಟು ಎಂದರು. ಮೆಟ್ಟಿಲಿಳಿದು ಬಾಗಿಲು ತೆಗೆದರೆ ಒಳಗೆ ಹಲ್ಲು ಕಟಕಟಿಸುವ ಚಳಿ. ಮೆಷಿನ್ನಿಗಾಗಿ ಹಾಕಿದ್ದ ಎಸಿ, ಮನುಷ್ಯರಿಗಲ್ಲ. ಕಿಟಕಿ ಎಂಬುದೇ ಇಲ್ಲದ ಆ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಸೀರೆಯ ಮೇಲೆ ಬೂದು ಸ್ವೆಟರ್ ತೊಟ್ಟು ಕೂತಿದ್ದ ಹೆಂಗಸು ತಲೆಯೆತ್ತಿ, ನನ್ನ ಹೆಸರು ಕೇಳಿ, ಊರು ಕೇಳಿ, "ಅಚ್ಛಾ, ನಮ್ಮೋಳೇ! ನಾಳೆಯಿಂದ ಸ್ವೆಟರ್ ತಗೊಂಬಾ" ಎಂದರು. ಮಹಡಿಯ ಮೇಲಿನವರಿಗೆ ಅವರು 'ಬೇಸ್‌ಮೆಂಟ್‌ವಾಲಿ ಮೇಡಂ'. ನನಗೆ ಆ ದಿನದಿಂದ ಅಕ್ಕ.

ಅವರ ಕೆಲಸವನ್ನು ಸ್ವಲ್ಪ ವಿವರಿಸಬೇಕು. ದೇಶದ ಮೂಲೆಮೂಲೆಯಲ್ಲಿದ್ದ ನಮ್ಮ ಇಲಾಖೆಯ ನೌಕರರ ಸೇವಾ ವಿವರಗಳೆಲ್ಲ ಆ ಕೋಣೆಯ ಒಂದು ಹಳೆಯ ಮೆಷಿನ್ನಿನಲ್ಲಿದ್ದವು. ಅದರೊಡನೆ ಮಾತಾಡಲು ಇದ್ದದ್ದು ಒಂದೇ ದಾರಿ, ಅಕ್ಕನ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವ ಒಂದು ಕಪ್ಪು ಪರದೆ. ಅಲ್ಲಿ ಚಿತ್ರವಿಲ್ಲ, ಬಟನ್ನಿಲ್ಲ. ಆಜ್ಞೆ ಟೈಪು ಮಾಡಬೇಕು, ಉತ್ತರ ಬಿಳಿ ಅಕ್ಷರದಲ್ಲಿ ಬರುತ್ತದೆ. ಮೇಲಿನ ಸೆಕ್ಷನ್ನುಗಳಿಗೆ ಆ ಉತ್ತರ ಅವರ ಪತ್ರಗಳೊಳಗೆ ಬೇಕು. ಕಪ್ಪು ಪರದೆಯಿಂದ ಅದನ್ನು ಕಾಪಿ ಮಾಡಿ ಬಿಳಿ ಹಾಳೆಗೆ ಪೇಸ್ಟ್ ಮಾಡಿ ಕಳಿಸುವುದೇ ಅಕ್ಕನ ಉದ್ಯೋಗ. ಅವರ ಬಾಯಲ್ಲಿ ಕಾಪಿ ಅಂದರೆ 'ಎತ್ತೋದು', ಪೇಸ್ಟ್ ಅಂದರೆ 'ಇಳಿಸೋದು'.

ಇದೇನು ಮಹಾ ಎಂದುಕೊಂಡವಳು ನಾನು. ಮೊದಲ ದಿನವೇ ಪರದೆಯ ಮೇಲೆ ಸರಸರನೆ ಓಡುತ್ತಿದ್ದ ಹೆಸರುಗಳನ್ನು ನೋಡಿ, ಕಾಪಿ ಮಾಡೋಣವೆಂದು ಎಲ್ಲರೂ ಒತ್ತುವ ಹಾಗೆ ಕಂಟ್ರೋಲ್ ಮತ್ತು ಸಿ ಒತ್ತಿದೆ. ಹೆಸರುಗಳು ನಿಂತವು. ಪರದೆಯ ಮೇಲೆ ಬರಿಯ ಒಂದು ಗೀಟು ಮಿಣುಕುತ್ತ ಉಳಿಯಿತು. ಕಪ್ಪು ಪರದೆಯಲ್ಲಿ ಆ ಎರಡು ಕೀಲಿಗಳ ಅರ್ಥ ಕಾಪಿ ಅಲ್ಲವಂತೆ, ನಡೆಯುತ್ತಿರುವ ಕೆಲಸವನ್ನು ಅಲ್ಲೇ ಕೊಂದುಬಿಡು ಎಂದಂತೆ. ಬೆಳಗಿನಿಂದ ಅಕ್ಕ ಓಡಿಸುತ್ತಿದ್ದ ಪಟ್ಟಿ ಸತ್ತಿತ್ತು.

ನನಗೆ ಅಳುವೇ ಬಂತು. ಅಕ್ಕ ನಕ್ಕರು. "ಚಲೋ, ನೀನೂ ಕೊಂದೆ. ಇಲ್ಲಿಗೆ ಬಂದೋರೆಲ್ಲ ಮೊದಲನೇ ದಿನ ಒಂದು ಕೊಲೆ ಮಾಡ್ತಾರೆ. ನಾನೂ ಮಾಡಿದ್ದೆ. ಅದಕ್ಕೇ ಬಿಂದಿ."

ಆಮೇಲೆ ಸರಿಯಾದ ಕ್ರಮ ತೋರಿಸಿದರು. ಕಪ್ಪು ಪರದೆಯ ತಲೆಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಮಾರ್ಕ್' ಆರಿಸಿ, ಬೇಕಾದ ಅಕ್ಷರಗಳ ಸುತ್ತ ಚೌಕ ಎಳೆದು ಎಂಟರ್ ಒತ್ತಬೇಕು. ಚೌಕ ಎಳೆಯುವಷ್ಟು ಹೊತ್ತೂ ಒಳಗಿನ ಕೆಲಸವೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತದೆ. ಎತ್ತಿದ್ದು ಕ್ಲಿಪ್‌ಬೋರ್ಡ್ ಎಂಬ ಕಾಣದ ಜಾಗಕ್ಕೆ ಹೋಗಿ ಕೂರುತ್ತದೆ. ಆ ಜಾಗ ಎಷ್ಟು ಚಿಕ್ಕದೆಂದರೆ ಒಂದೇ ಒಂದು ಹಿಡಿಸುತ್ತದೆ, ಇನ್ನೊಂದನ್ನು ಎತ್ತಿದರೆ ಮೊದಲಿನದು ಹೋಯಿತು. "ಎತ್ತಿದ ಮೇಲೆ ಮೊದಲು ಇಳಿಸು, ಆಮೇಲೆ ಕೆಮ್ಮು ಬೇಕಾದ್ರೆ" ಎನ್ನುತ್ತಿದ್ದರು ಅಕ್ಕ. ಅವರು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರೆಂದರೆ, ಎತ್ತುವುದಕ್ಕೂ ಇಳಿಸುವುದಕ್ಕೂ ನಡುವೆ ಫೋನು ಬಂದರೂ ತೆಗೆಯುತ್ತಿರಲಿಲ್ಲ.

ಮೈಸೂರಿನಲ್ಲಿ ಅವರ ಗಂಡ, ಮಗಳು ಇದ್ದರು. ಮೊದಲು ಮೂವರೂ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲೇ ಇದ್ದವರು. ಚಳಿಗಾಲದ ಹೊಗೆಗೆ ಮಗಳಿಗೆ ಉಬ್ಬಸ ಶುರುವಾಗಿ, ನಾಲ್ಕನೇ ಕ್ಲಾಸಿನಲ್ಲಿ ಶಾಲೆಗಿಂತ ಆಸ್ಪತ್ರೆಗೇ ಹೆಚ್ಚು ಹೋದ ಮೇಲೆ, ದಕ್ಷಿಣಕ್ಕೆ ಕರೆದುಕೊಂಡು ಹೋಗಿ ಎಂದರಂತೆ ಡಾಕ್ಟರು. ಗಂಡನೂ ಕೇಂದ್ರ ಸರ್ಕಾರದ ನೌಕರರೇ, ಬೇರೆ ಇಲಾಖೆ. ಅವರಿಗೆ ಮೈಸೂರಿಗೆ ವರ್ಗವಾಯಿತು. ಅಪ್ಪ, ಮಗಳು ಹೋದರು. ಅಕ್ಕನಿಗೂ ವರ್ಗದ ಆದೇಶ ಬಂತು. ಆದರೆ ರಿಲೀವ್ ಮಾಡಲಿಲ್ಲ. ಕಪ್ಪು ಪರದೆಯ ಕೆಲಸ ಬಲ್ಲವರು ಇನ್ನೊಬ್ಬರು ತಯಾರಾಗಲಿ, ಆಮೇಲೆ ಹೋಗಿ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಹುಟ್ಟಿದ್ದೇ ಕೇಂದ್ರ ಸರ್ಕಾರದ ಕಚೇರಿಯಲ್ಲಿರಬೇಕು. ನಾನು ಬರುವ ಹೊತ್ತಿಗೆ ನಾಲ್ಕನೇ ಕ್ಲಾಸಿನ ಆ ಮಗು ಎರಡನೇ ಪಿಯುಸಿಗೆ ಕಾಲಿಟ್ಟಿತ್ತು.

"ಪಿಯುಸಿ ಮುಗಿದ ಮೇಲೆ ಅವಳು ಎಲ್ಲಿಗೋ ಹಾಸ್ಟೆಲಿಗೆ ಹೋಗ್ತಾಳೆ. ಅಷ್ಟರೊಳಗೆ ಒಂದು ವರ್ಷನಾದ್ರೂ ಮನೇಲಿ ಅವಳ ಜೊತೆ ಇರ್ಬೇಕು ಕಣೇ. ತಲೆ ಬಾಚಿಸ್ಕೊಳೋ ವಯಸ್ಸಂತೂ ಹೋಯ್ತು, ಜಗಳ ಆಡೋ ವಯಸ್ಸಾದ್ರೂ ಸಿಗ್ಲಿ" ಎಂದಿದ್ದರು ಒಮ್ಮೆ. ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ನನಗಿಂತ ಮೊದಲು ಅವರ ಜಾಗಕ್ಕೆಂದು ಎಷ್ಟೋ ಜನರನ್ನು ಕೆಳಗೆ ಕಳಿಸಿದ್ದರಂತೆ. ಯಾರೂ ಕಲಿಯಲಿಲ್ಲ. ಒಬ್ಬನಿಗೆ ಕಪ್ಪು ಪರದೆ ನೋಡಿದರೆ ಕುತ್ತಿಗೆ ನೋವು. ಇನ್ನೊಬ್ಬಾತ ದಿನವೂ ಅದೇ ಪ್ರಶ್ನೆಯನ್ನು ಅದೇ ಮುಗ್ಧ ಮುಖದಿಂದ ಕೇಳುತ್ತ ಕಾಲ ಹಾಕಿದ. ಎಂಎಸ್ಸಿ ಮಾಡಿದ ಒಬ್ಬಾಕೆಗೆ ಮೌಸಿನ ಎಡ ಯಾವುದು ಬಲ ಯಾವುದು ಎಂಬುದೇ ಕೊನೆಯವರೆಗೆ ತಿಳಿಯಲಿಲ್ಲ. ಇವರು ದಡ್ಡರಲ್ಲ, ಮಹಾ ಬುದ್ಧಿವಂತರು ಎಂದು ನನಗೆ ಗೊತ್ತಾದದ್ದು ಕ್ಯಾಂಟೀನಿನಲ್ಲಿ. ಅಲ್ಲಿ ಒಬ್ಬ ಹಿರಿಯ ಗುಮಾಸ್ತರು ನನ್ನ ತಟ್ಟೆಗೆ ತಮ್ಮ ಸಮೋಸ ಹಾಕಿ, ದನಿ ತಗ್ಗಿಸಿ ಉಪದೇಶ ಮಾಡಿದರು. "ಬೇಟೀ, ನೀಚೇ ಕುಛ್ ಮತ್ ಸೀಖನಾ. ಜೋ ಸೀಖಾ, ವೋ ಫಸಾ." ಕೆಳಗೆ ಏನನ್ನೂ ಕಲಿಯಬೇಡ, ಕಲಿತವರು ಸಿಕ್ಕಿಬಿದ್ದರು. ಇಡೀ ಕಟ್ಟಡಕ್ಕೆ ಇದು ಗೊತ್ತಿತ್ತು. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಎಂದು ಒಬ್ಬೊಬ್ಬರೂ ಬಗ್ಗಿ ಪಾರಾಗಿದ್ದರು, ದೊಣ್ಣೆ ಪ್ರತಿಸಲ ಅಕ್ಕನಿಗೇ ಬೀಳುತ್ತಿತ್ತು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಲಿಯಬೇಡ ಎಂದಿದ್ದಕ್ಕೇ ಕಲಿತೆ. ಆಗಸ್ಟಿನ ಹೊತ್ತಿಗೆ ಎಂಥ ಪಟ್ಟಿಯನ್ನಾದರೂ ಎತ್ತಿ, ಪರದೆಯ ಅಂಚಿನಲ್ಲಿ ಮುರಿದುಹೋದ ಸಾಲುಗಳನ್ನು ಜೋಡಿಸಿ ಇಳಿಸುತ್ತಿದ್ದೆ.

ಒಂದು ಮಧ್ಯಾಹ್ನ ಡೆಪ್ಯುಟಿ ಡೈರೆಕ್ಟರ್ ಸಾಹೇಬರು ಶಾಲು ಹೊದ್ದುಕೊಂಡು ಕೆಳಗಿಳಿದು ಬಂದರು. ನಮ್ಮ ಚಳಿಗಾಗಿಯೇ ಇಟ್ಟುಕೊಂಡಿದ್ದ ಶಾಲು ಅದು. ನನ್ನತ್ತ ಬೆರಳು ಮಾಡಿ ಅಕ್ಕನನ್ನು ಕೇಳಿದರು, "ಸೀಖ್ ಗಯೀ? ಹಾಂ ಬೋಲಿಯೇ, ಕಲ್ ಹೀ ಆಪ್ಕೋ ರಿಲೀವ್ ಕರ್ತಾ ಹೂಂ." ಕಲಿತಳು ಎಂದು ಹೇಳಿ, ನಾಳೆಯೇ ಬಿಡುತ್ತೇನೆ.

ನಾನು ನೆಟ್ಟಗೆ ಕೂತೆ. "ಆತಾ ಹೈ, ಸರ್", ನನಗೆ ಬರುತ್ತದೆ, ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನಡುವೆ ಬಂದರು.

"ಅಭೀ ಕಹಾಂ ಸರ್! ಇವತ್ತು ಬೆಳಿಗ್ಗೆಯೂ ಕಂಟ್ರೋಲ್-ಸಿ ಒತ್ತಿ ಪೂರಾ ರಿಪೋರ್ಟ್ ಕೊಂದಿಟ್ಟಿದ್ದಾಳೆ" ಎಂದು ಹಿಂದಿಯಲ್ಲಿ ದೂರಿದರು. ಹಸೀ ಸುಳ್ಳು. ಸಾಹೇಬರು ನನ್ನನ್ನು ಮರುಕದಿಂದ ನೋಡಿ, ಶಾಲು ಸರಿಮಾಡಿಕೊಂಡು ಹೋದರು.

ಬಾಗಿಲು ಮುಚ್ಚಿದ್ದೇ ತಡ, ನಾನು ಹರಿಹಾಯ್ದೆ. "ಏನಕ್ಕ ಇದು? ನಾನೇನು ಅಷ್ಟು ದಡ್ಡಿನಾ? ನಿಮಗೆ ಹೋಗೋಕೆ ಇಷ್ಟ ಇಲ್ವಾ?"

"ದಡ್ಡಿ ಆಗಿದ್ರೆ ಕೆಲಸ ಸುಲಭ ಇತ್ತು" ಎಂದರು ಅವರು. "ನಾನು ಹೂಂ ಅಂದ್ರೆ ನಾಳೆ ನಾನು ರೈಲು ಹತ್ತುತ್ತೀನಿ. ನಿನ್ನನ್ನ ಇಲ್ಲಿಂದ ಯಾರೇ ಕರ್ಕೊಂಡು ಹೋಗ್ತಾರೆ? ನಂಗೂ ಒಬ್ರು ಹೀಗೇ ಕಲಿಸಿಕೊಟ್ರು. ಒಳ್ಳೇ ಮನುಷ್ಯರೇ. ಹೋಗೋ ದಿನ ಖುಷಿಯಿಂದ ಕೈ ಕುಲುಕಿದ್ರು. ಆಮೇಲೆ ಗೊತ್ತಾಯ್ತು, ಅವರು ಕುಲುಕಿದ್ದಲ್ಲ, ಬೇಡಿಯ ಇನ್ನೊಂದು ತುದಿ ನಂಗೆ ಹಾಕಿದ್ದು ಅಂತ. ನಿನ್ನ ಕೈ ನಾನು ಹಾಗೆ ಕುಲುಕಲ್ಲಮ್ಮ."

"ಮಗಳ ಪಿಯುಸಿ?"

"ಬೇರೆ ದಾರಿ ಮಾಡ್ತೀನಿ. ಚಳಿಗಾಲದೊಳಗೆ ಮುಗಿಸ್ತೀನಿ ನೋಡು" ಎಂದರು.

ಬೇರೆ ದಾರಿ ಎಂದರೆ, ಎತ್ತಿ ಇಳಿಸುವ ಮನುಷ್ಯರೇ ಬೇಡವಾಗುವಂತೆ ಮಾಡುವುದು. ಕಟ್ಟಡದ ಎಲ್ಲ ಮಹಡಿಗೂ ಆಗಲೇ ನೆಟ್‌ವರ್ಕಿನ ವೈರು ಎಳೆದಾಗಿತ್ತು, ಅದನ್ನು ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ ಅಷ್ಟೆ. ಅಕ್ಕ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಕಪ್ಪು ಪರದೆಯಲ್ಲಿ ಒಂದು ಪದ, ಪಕ್ಕದಲ್ಲಿ ನೌಕರನ ಸಂಖ್ಯೆ ಹೊಡೆದು ಎಂಟರ್ ಒತ್ತಿದರೆ ಸಾಕು. ಚೌಕ ಎಳೆಯುವುದು, ಸಾಲು ಜೋಡಿಸುವುದು ಏನೂ ಇಲ್ಲ, ಆ ವಿವರ ತಾನಾಗಿಯೇ ಹೋಗಿ ಕ್ಲಿಪ್‌ಬೋರ್ಡಿನಲ್ಲಿ ಕೂರುತ್ತಿತ್ತು. ಪತ್ರ ತೆರೆದು ಪೇಸ್ಟ್ ಮಾಡಿದರೆ ಮುಗಿಯಿತು. ಆ ಪದ 'ಎತ್ತು', ಇಂಗ್ಲಿಷ್ ಅಕ್ಷರಗಳಲ್ಲಿ.

ಸಾಹೇಬರಿಗೆ ತೋರಿಸೋಣ, ಬಹುಮಾನ ಕೊಡುತ್ತಾರೆ ಎಂದೆ ನಾನು. ಅಕ್ಕ ಬೆಚ್ಚಿಬಿದ್ದರು. "ತಲೆ ಕೆಟ್ಟಿದ್ಯಾ? ಇಷ್ಟು ಜಾಣೆನ ಬಿಟ್ಟು ಕಳಿಸ್ತಾರಾ? ಸಾಯೋತನಕ ಇಟ್ಕೋತಾರೆ. ಮಾಡಿದ್ದು ಯಾರು ಅಂತ ಯಾರಿಗೂ ಗೊತ್ತಾಗ್ಬಾರ್ದು." ಅಂತೂ ಊಟದ ವೇಳೆ, ವೈರಸ್ ತೆಗೆಯಲು ಬಂದೆವೆಂದು ಹೇಳಿಕೊಂಡು, ನಾವಿಬ್ಬರೂ ಸೆಕ್ಷನ್ನಿನಿಂದ ಸೆಕ್ಷನ್ನಿಗೆ ಅಲೆದೆವು. ಒಂದೊಂದೇ ಕಂಪ್ಯೂಟರಿಗೆ ಅದನ್ನು ಹಾಕಿ, ಒಬ್ಬೊಬ್ಬ ಗುಮಾಸ್ತರ ಕಿವಿಯಲ್ಲಿ ಹೇಳಿಕೊಟ್ಟೆವು. ಪಂಜಾಬಿನವರು, ಬಿಹಾರದವರು, ಗಢವಾಲಿನವರು ಎಲ್ಲರೂ ಕನ್ನಡ ಎಂದು ತಿಳಿಯದೆಯೇ 'ಎಟ್ಟೂ' ಹೊಡೆಯತೊಡಗಿದರು. ಬೇಸ್‌ಮೆಂಟಿನ ಫೋನು ಮೆಲ್ಲಗೆ ಸೊರಗಿತು. ಅಕ್ಕ ಭಾನುವಾರ ಮಗಳಿಗೆ ಫೋನು ಮಾಡಿ, ಸಂಕ್ರಾಂತಿಗೆ ಎಳ್ಳು ಬೀರಲು ತಾವೇ ಬರುವುದಾಗಿಯೂ ಹೇಳಿಬಿಟ್ಟರು.

ಡಿಸೆಂಬರಿನಲ್ಲಿ ಎಲ್ಲ ಕೆಟ್ಟಿತು. ಎರಡನೇ ಮಹಡಿಯ ಗುಮಾಸ್ತರೊಬ್ಬರು ಒಬ್ಬ ಅಧಿಕಾರಿಯ ಸೇವಾ ವಿವರ ಎತ್ತಿಟ್ಟುಕೊಂಡರು. ಇಳಿಸುವ ಮೊದಲು ಹೆಂಡತಿಯ ಫೋನು ಬಂತು, ಆಕೆಗೆ ಬೇಕಾಗಿದ್ದ ಮೂಲಂಗಿ ಪರಾಠಾ ಮಾಡುವ ವಿಧಾನವನ್ನು ಇಂಟರ್‌ನೆಟ್ಟಿನಿಂದ ಕಾಪಿ ಮಾಡಿದರು. ಆಮೇಲೆ ಸರ್ಕಾರಿ ಪತ್ರ ತೆರೆದು ಪೇಸ್ಟ್ ಒತ್ತಿದರು. ಸಾಹೇಬರು ರೂಢಿಯಂತೆ ಓದದೆ ಸಹಿ ಹಾಕಿದರು. ಸಚಿವಾಲಯಕ್ಕೆ ಹೋದ ಉತ್ತರದಲ್ಲಿ ಆ ಅಧಿಕಾರಿ ಎಲ್ಲೆಲ್ಲಿ ಕೆಲಸ ಮಾಡಿದ್ದಾರೆ ಎಂಬುದರ ಬದಲು, ಮೂಲಂಗಿ ತುರಿದು ನೀರು ಹಿಂಡಬೇಕು, ಓಮ ಹಾಕಬೇಕು ಎಂದಿತ್ತು. ಕೆಂಪು ಶಾಯಿಯ ದೊಡ್ಡ ಪ್ರಶ್ನಾರ್ಥಕ ಚಿಹ್ನೆಯೊಡನೆ ಪತ್ರ ವಾಪಸ್ಸು ಬಂತು.

ಇಡೀ ಕಟ್ಟಡ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಅಕ್ಕ ನಗಲಿಲ್ಲ. ಇನ್ನು ಯಾರೂ ಮೇಲೆ ಕೂತು ವಿವರ ತೆಗೆಯಕೂಡದು, ಎಲ್ಲವೂ ಬೇಸ್‌ಮೆಂಟಿನಿಂದಲೇ ಬರಬೇಕೆಂದು ಸಾಹೇಬರ ಆಜ್ಞೆ ಅದೇ ಸಂಜೆ ಹೊರಟಿತ್ತು. ಫೋನು ಮತ್ತೆ ಬೆಳಗಿನಿಂದ ಸಂಜೆಯವರೆಗೆ ಕಿರುಚತೊಡಗಿತು. ಸಂಕ್ರಾಂತಿ ಬಂತು, ಹೋಯಿತು. ಆ ಚಳಿಗಾಲದಲ್ಲಿ ಬೆಳಿಗ್ಗೆ ಮಂಜಿನ ಕತ್ತಲಲ್ಲಿ ಕೆಳಗಿಳಿದು, ಸಂಜೆ ಹೊಗೆಯ ಕತ್ತಲಲ್ಲಿ ಮೇಲೆ ಹತ್ತುತ್ತಿದ್ದೆವು. ಸೂರ್ಯ ಇದ್ದಾನೋ ಇಲ್ಲವೋ ಭಾನುವಾರವೇ ತಿಳಿಯಬೇಕು. ಅಕ್ಕ ಇದರಲ್ಲಿ ಎಷ್ಟು ಚಳಿಗಾಲ ಕಳೆದಿದ್ದಾರೆ ಎಂದು ಆಗ ಮೊದಲ ಸಲ ನಿಜವಾಗಿ ಯೋಚಿಸಿದೆ.

"ಅಕ್ಕಾ, ಸಾಕು. ನಾನು ಕಲಿತಿದ್ದೀನಿ ಅಂತ ಹೇಳಿಬಿಡಿ. ನಾನು ಹೇಗೋ ಇರ್ತೀನಿ" ಎಂದೆ.

"ಹೇಗೋ ಇರ್ತೀನಿ ಅಂತ ನಾನೂ ಅಂದಿದ್ದೆ" ಎಂದರು. ಅಷ್ಟೇ. ಮತ್ತೆ ಆ ಮಾತು ಎತ್ತಲು ನನಗೆ ಬಿಡಲಿಲ್ಲ.

ಅವರು ಮಾಡಿದ್ದು, ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ್ದು. ವಿವರ ಎತ್ತಿದ ಕೂಡಲೇ ಪರದೆಯ ತುಂಬ ದೊಡ್ಡ ಅಕ್ಷರಗಳಲ್ಲಿ 'ಪಹಲೇ ಉತಾರೋ' ಎಂದು ಬರುತ್ತಿತ್ತು, ಮೊದಲು ಇಳಿಸು. ಕೆಳಗೆ ಯಾರ ವಿವರ ಕೈಯಲ್ಲಿದೆ ಎಂದು ಅವರ ಹೆಸರು. ಪಾರ್ಲಿಮೆಂಟಿನ ಅಧಿವೇಶನ ಶುರುವಾಗಿ, ಪ್ರಶ್ನೆಗಳಿಗೆ ಗಂಟೆಯೊಳಗೆ ಉತ್ತರ ಬೇಕಾದಾಗ, ಬೇಸ್‌ಮೆಂಟಿಗಾಗಿ ಕಾಯಲಾರದ ಸೆಕ್ಷನ್ನಿನವರು ಆಜ್ಞೆಯನ್ನು ಬದಿಗಿಟ್ಟು ಕದ್ದು ಎತ್ತತೊಡಗಿದರು. ಪರಾಠಾ ಮತ್ತೆ ಎಲ್ಲೂ ಇಳಿಯಲಿಲ್ಲ. ಮೇ ಮುಗಿಯುವ ಹೊತ್ತಿಗೆ ನಮ್ಮ ಫೋನು ಪೂರ್ತಿ ಮೂಕವಾಯಿತು.

ಆಗ ಅಕ್ಕ ಹೆಣಿಗೆ ಹಿಡಿದರು. ಅವರಿಗೆ ಹೆಣಿಗೆ ಬರುತ್ತಲೇ ಇರಲಿಲ್ಲ. ಎರಡು ಸೂಜಿ, ಒಂದು ಹಳದಿ ಉಲ್ಲನ್ ಉಂಡೆ ತಂದು, ಅದೇ ಒಂದು ಸಾಲನ್ನು ಹೆಣೆಯುವುದು, ಬಿಚ್ಚುವುದು. "ಸಾಹೇಬ್ರು ಬಂದಾಗ ನೀನು ಮ್ಯಾಗಜೀನ್ ಓದ್ತಿರ್ಬೇಕು, ಕಾಲು ಮೇಲೆ ಕಾಲು ಹಾಕ್ಕೊಂಡು" ಎಂದು ನನಗೆ ತರಬೇತಿ ಬೇರೆ. ಸಾಹೇಬರು ಬಂದರು. ಹೆಣಿಗೆ ನೋಡಿದರು, ನನ್ನ ಕಾಲು ನೋಡಿದರು.

"ಯಹಾಂ ಕಾಮ್ ಕ್ಯಾ ಹೋತಾ ಹೈ?" ಇಲ್ಲಿ ನಡೆಯುವ ಕೆಲಸವೇನು ಎಂದರು.

"ಕುಛ್ ಖಾಸ್ ನಹೀಂ, ಸರ್" ಎಂದರು ಅಕ್ಕ, ಸೂಜಿಯಿಂದ ಕಣ್ಣೆತ್ತದೆ. ಅಂಥದ್ದೇನೂ ಇಲ್ಲ.

ಫೈಲು ಮೇಲೆ ಹೋಗಿ ಕೆಳಗೆ ಬರಲು ಮತ್ತೆ ವಾರಗಳು ಹಿಡಿದವು. ಕೊನೆಗೆ ಬಂದ ಆದೇಶದಲ್ಲಿ, ಬೇಸ್‌ಮೆಂಟಿನಲ್ಲಿ ಕೆಲಸವಿಲ್ಲದ ಕಾರಣ ಮೇಡಂ ಅವರನ್ನು ರಿಲೀವ್ ಮಾಡಲಾಗಿದೆ, ಸಹಾಯಕಿಯನ್ನು ಮೂರನೇ ಮಹಡಿಗೆ ಹಾಕಲಾಗಿದೆ ಎಂದಿತ್ತು. ಬೀಳ್ಕೊಡುಗೆಯ ಚಹಾ ಕೂಡ ಕೊಡಲಿಲ್ಲ, ಕೆಲಸಕ್ಕೆ ಬಾರದವರಿಗೆ ಯಾರು ಕೊಡುತ್ತಾರೆ? ನನಗೆ ಹೊಟ್ಟೆ ಉರಿಯಿತು. ಅಕ್ಕ ಮಾತ್ರ ಆ ಕಾಗದವನ್ನು ಓದಿ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ರೈಲು ಹತ್ತಿಸಲು ಹೋಗಿದ್ದೆ. ಆಗಸ್ಟು ತಿಂಗಳು. ಸೂಟ್‌ಕೇಸನ್ನು ಸೀಟಿನ ಕೆಳಗೆ ತಳ್ಳಿ, ಕಿಟಕಿಯ ಹೊರಗೆ ನಿಂತು, "ಮಗಳು ಸ್ಟೇಷನ್ನಿಗೆ ಬರ್ತಾಳಾ ಅಕ್ಕ?" ಎಂದು ಕೇಳಿದೆ.

"ಇಲ್ಲ ಕಣೇ. ಅವಳಿಗೆ ಬೆಳಗಾವಿಲಿ ಸೀಟು ಸಿಕ್ತು. ಹೋದ ವಾರ ಹಾಸ್ಟೆಲಿಗೆ ಸೇರ್ಕೊಂಡ್ಲು" ಎಂದರು. ನನ್ನ ಮುಖ ನೋಡಿ ಕಿಟಕಿಯ ಸರಳಿನಿಂದ ಕೈ ಹೊರಚಾಚಿ ನನ್ನ ಕೆನ್ನೆ ತಟ್ಟಿದರು. "ಅಳಬೇಡ. ಮೂರನೇ ಮಹಡೀಲಿ ಕಿಟಕಿ ಇದೆ, ಹೋಗಿ ಕೂತ್ಕೋ." ರೈಲು ಹೊರಟಿತು.

ಆಮೇಲೆ ನನ್ನ ಬದುಕು ನಡೆಯಿತು. ಇಲಾಖೆಯ ಪರೀಕ್ಷೆ ಪಾಸು ಮಾಡಿದೆ, ಬಡ್ತಿ ಬಂತು, ಊರೂರು ವರ್ಗವಾಯಿತು, ಕೇಳಿದಾಗಲೆಲ್ಲ ರಿಲೀವ್ ಮಾಡಿದರು. ಯಾರೂ ನನ್ನನ್ನು ಎಲ್ಲೂ ಹಿಡಿದಿಡಲಿಲ್ಲ. ಅಕ್ಕನೊಡನೆ ಯುಗಾದಿಗೆ, ದೀಪಾವಳಿಗೆ ಫೋನಿನ ಮಾತು. ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗಲೇ ಅವರು ತೀರಿಕೊಂಡರು. ಸುದ್ದಿ ತಿಳಿದು ನಾನು ಮೈಸೂರಿಗೆ ಹೋಗುವಷ್ಟರಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು.

ಬಾಗಿಲು ತೆಗೆದದ್ದು ಮಗಳು. ಅಕ್ಕನದೇ ಅಗಲ ಹಣೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದಳು. ಕೂರಿಸಿ, ನೀರು ಕೊಟ್ಟು, ಎದುರಿಗೆ ಕೂತು ಕೇಳಿದಳು, "ಅಮ್ಮ ಆಫೀಸಲ್ಲಿ ಹೇಗಿರ್ತಿದ್ರು? ನಿಮ್ಮ ಹತ್ರ ರೇಗ್ತಿದ್ರಾ? ಊಟಕ್ಕೆ ಏನು ತರ್ತಿದ್ರು?"

ಹೇಳಿದೆ. ಮೆಂತ್ಯ ಸೊಪ್ಪಿನ ಭಾತು ತರುತ್ತಿದ್ದರು, ಡಬ್ಬಿಯ ಮುಚ್ಚಳದಲ್ಲಿ ನನಗೆ ಮೊದಲು ಹಾಕುತ್ತಿದ್ದರು, ನಾನು ಒಗ್ಗರಣೆಯ ಮೆಣಸಿನಕಾಯಿ ಎತ್ತಿಟ್ಟರೆ ಬೈಯುತ್ತಿದ್ದರು, ಜಗಳವಾಡಿದ ದಿನ ಮಾತಾಡದೆಯೇ ಡಬ್ಬಿ ಮುಂದೆ ತಳ್ಳುತ್ತಿದ್ದರು. ಅವಳು ಒಂದೊಂದನ್ನೂ ತಲೆಯಾಡಿಸುತ್ತ ಕೇಳಿದಳು, ಹೊಸ ಸುದ್ದಿ ಕೇಳುವವರ ಹಾಗೆ. ನನಗೆ ತಡೆಯಲಾಗಲಿಲ್ಲ. ನಿನ್ನ ಪಿಯುಸಿಯ ವರ್ಷ ಅವರು ಬರಬಹುದಿತ್ತು, ನನ್ನನ್ನು ಅಲ್ಲಿ ಬಿಟ್ಟು ಬರಲಾರದೆ ಉಳಿದರು ಎಂದು ಹೇಳಿಬಿಟ್ಟೆ.

"ಗೊತ್ತು" ಎಂದಳು. "ಬಂದ ಮೇಲೆ ಅಮ್ಮನೇ ಹೇಳಿದ್ರು. ಆ ಹುಡುಗಿ ನಿನಗಿಂತ ಸ್ವಲ್ಪ ದೊಡ್ಡೋಳು ಅಷ್ಟೆ, ಅವಳನ್ನ ಅಲ್ಲಿ ಹಾಕಿ ಬಂದಿದ್ರೆ ನಿನ್ನ ಮುಖ ಹೇಗೆ ನೋಡ್ತಿದ್ದೆ ಅಂದ್ರು. ನಂಗೆ ವಿಪರೀತ ಸಿಟ್ಟು ಬಂದಿತ್ತು. ಅಮ್ಮನ ಮೇಲಲ್ಲ, ನಿಮ್ಮ ಮೇಲೆ."

"ಈಗ?"

ಅವಳು ಸುಳ್ಳು ಹೇಳಲಿಲ್ಲ. "ಈಗಲೂ ಇದೆ" ಎಂದಳು. ಎದ್ದು ಅಡುಗೆಮನೆಗೆ ಹೋಗಿ, ಎರಡು ತಟ್ಟೆ ತಂದು ಇಟ್ಟಳು.